ಸ್ಕೋರ್ ಒಂದ್ರಿಂದ್ಲೇ ಸೀಟ್ ಸಿಗಲ್ಲ

"ಎಸ್‌ಎಟಿಲಿ 1550 ದಾಟಿದ್ರೆ ಅಮೆರಿಕದ ಟಾಪ್ ಕಾಲೇಜು ಹೆಚ್ಚುಕಮ್ಮಿ ಗ್ಯಾರಂಟಿ" ಅಂತ ಬರ್ದಿದ್ದೀರಲ್ಲ ಸರ್, ಈ ಮಾತು ಮಾತ್ರ ನಾನು ಒಪ್ಪಲ್ಲ. (ಎಸ್‌ಎಟಿ ಅಂದ್ರೆ ಅಮೆರಿಕದ ಕಾಲೇಜು ಸೇರೋಕೆ ಬರೆಯೋ 1600 ಅಂಕದ ಪರೀಕ್ಷೆ.) ನಾವಿರೋದು ಕ್ಯಾಲಿಫೋರ್ನಿಯಾದಲ್ಲಿ, ನನ್ನ ಮಗಳಿಗೆ 1560 ಬಂದಿತ್ತು, ಸ್ಕೂಲಲ್ಲೂ ಎಲ್ಲಾ ಎ ಗ್ರೇಡೇ, ಆದ್ರೂ ಅಪ್ಲೈ ಮಾಡಿದ ಒಂಬತ್ತು ಕಡೆ ಎಂಟರಲ್ಲಿ ರಿಜೆಕ್ಟ್ ಆಯ್ತು, ಆ ವಾರ ಮಗು ಸರಿಯಾಗಿ ಊಟಾನೇ ಮಾಡ್ಲಿಲ್ಲ. ಹಾರ್ವರ್ಡ್‌ಗೆ 2024ರಲ್ಲಿ ಸುಮಾರು 54 ಸಾವಿರ ಮಕ್ಕಳ ಅರ್ಜಿ ಬಂದಿತ್ತು, ತಗೊಂಡಿದ್ದು 2 ಸಾವಿರಕ್ಕಿಂತ ಕಮ್ಮಿ. ಒಳ್ಳೆ ಸ್ಕೋರ್ ಇರೋರೇ ಅಲ್ಲಿ ಸಾಲುಗಟ್ಟಿ ನಿಂತಿರ್ತಾರೆ. ಇಲ್ಲಿನ ಸರ್ಕಾರಿ ಯೂನಿವರ್ಸಿಟಿಗಳಾದ ಯೂಸಿ ಬರ್ಕ್ಲಿ, ಯೂಸಿಎಲ್‌ಎ ಅಂತೂ ಅಡ್ಮಿಷನ್‌ಗೆ ಎಸ್‌ಎಟಿ ನೋಡೋದೇ ಇಲ್ಲ, ಎಂಐಟಿ ನೋಡಿದ್ರೆ 2022ರಲ್ಲಿ ಅದನ್ನ ಮತ್ತೆ ಕಡ್ಡಾಯ ಮಾಡ್ತು, ಒಂದೊಂದು ಕಡೆ ಒಂದೊಂದು ಲೆಕ್ಕ. ಸಿಇಟಿ ರ‍್ಯಾಂಕ್ ನೋಡಿ ಬೆಳೆದ ನಮಗೆ ಇಲ್ಲಿ ಕಟಾಫ್ ಅನ್ನೋದೇ ಇಲ್ಲ ಅಂತ ತಲೆಗೆ ಹೋಗೋಕೆ ತುಂಬಾ ಟೈಮ್ ಬೇಕು. ದಯವಿಟ್ಟು ಪೇರೆಂಟ್ಸ್ ಕಾಮನ್ ಡೇಟಾ ಸೆಟ್ ಓದಿ, ಅಂದ್ರೆ ಕಾಲೇಜುಗಳು ತಮ್ಮ ಅಡ್ಮಿಷನ್ ಮಾಹಿತಿನ ಒಂದೇ ಮಾದರೀಲಿ ಕೊಡೋ ವರದಿ, ಬಹುತೇಕ ಕಾಲೇಜುಗಳು ಅವರವರ ವೆಬ್‌ಸೈಟಲ್ಲೇ ಹಾಕಿರ್ತಾರೆ, ಅದ್ರಲ್ಲಿ ಸಿ7 ಅನ್ನೋ ಭಾಗದಲ್ಲಿ ಗ್ರೇಡು, ಪ್ರಬಂಧ, ಟೀಚರ್ ಶಿಫಾರಸು ಪತ್ರ ಯಾವುದಕ್ಕೆ ಎಷ್ಟು ತೂಕ ಅಂತ ಇರುತ್ತೆ. ನಾವು ಅದನ್ನ ನೋಡಿದ್ದು ಎಲ್ಲಾ ಅರ್ಜಿ ಕಳಿಸಿ ಆದ್ಮೇಲೆ.