ಸೊಪ್ಪಿಂದ ಆಚೆ ನಿಮ್ದು

ಹೋದ ತಿಂಗಳು ನಮ್ಮ ವೆಡ್ಡಿಂಗ್ ಆನಿವರ್ಸರಿ. ಪ್ರತಿ ವರ್ಷದ ಹಾಗೆ ಇಲ್ಲಿ ಅಮೆರಿಕದ ಸಿಲ್ವರ್ ಸ್ಪ್ರಿಂಗ್‌ನ ಅದೇ ಇಥಿಯೋಪಿಯನ್ ಹೋಟ್ಲು, ಅದೇ ಕಿಟಕಿ ಪಕ್ಕದ ಟೇಬಲ್ಲು. ಆದ್ರೆ ಈ ಸಲ ಒಬ್ಬ ಹೊಸ ಹುಡುಗ ನಮ್ಮಿಬ್ಬರನ್ನೂ ಒಂದ್ಸಲ ನೋಡಿ, ಕೇಳ್ದೇನೇ ಎರಡು ಬೇರೆ ಬೇರೆ ತಟ್ಟೆ, ಎರಡು ಫೋರ್ಕು ತಂದಿಟ್ಟ. ನಂಗೆ ಪಿತ್ತ ನೆತ್ತಿಗೇರ್ತು. ಅನ್ನ ಸಾರು ಕೈಯಲ್ಲಿ ಕಲಸಿ ತಿನ್ನೋರಿಗೆ ಫೋರ್ಕಾ? ಇವ್ರು ಬೇರೆ "ಇರ್ಲಿ ಬಿಡೇ, ಶರ್ಟಿಗೆ ಬೀಳಲ್ಲ" ಅಂದ್ರು. 14 ವರ್ಷ ಅಲ್ಲಿ ಒಂದೇ ತಟ್ಟೇಲಿ ತಿಂದಿದೀವಿ, ಇಲ್ಲದ ಶರ್ಟಿನ ಚಿಂತೆ ಈಗ ಬಂತು!

ಬರ್ತ್‌ಡೇ, ಪ್ರಮೋಷನ್ನು, ಮಗಳ ರಿಸಲ್ಟು, ಏನಿದ್ರೂ ಅಲ್ಲಿಗೇ ಯಾಕೆ ಓಡ್ತೀವಿ ಅಂತ ಬರೆಯೋಣ ಅಂತ ಕೂತೆ. ಫ್ರೆಂಡ್ಸ್ ಎಲ್ಲಾ "ದೋಸೆ ಸಾಗು ಮನೇಲೇ ತಿನ್ಬಹುದಲ್ರೀ" ಅಂತಾರೆ. ಇಂಜೆರಾನ, ಅಂದ್ರೆ ಇಥಿಯೋಪಿಯಾದ ಹುಳಿ ಹಿಟ್ಟಿನ ಮೆತ್ತನೆ ರೊಟ್ಟೀನ, ದೋಸೆ ಅನ್ನೋರನ್ನ ಕಂಡ್ರೆ ನಂಗಾಗಲ್ಲ. ದೋಸೆ ಅಂದ್ಕೊಂಡು ಹೋಗಿ, ಗರಿಗರಿ ಇಲ್ಲ, ಹುಳಿ ಜಾಸ್ತಿ, ತಣ್ಣಗಿದೆ ಅಂತ ಗೂಗಲ್‌ನಲ್ಲಿ ಎರಡು ಸ್ಟಾರ್ ಕೊಟ್ಟು ಬರೋದು ಇವ್ರೇ.

ಆದ್ರೆ ಅದಕ್ಕೆ ಮುಂಚೆ ಅಮ್ಮನ ವಿಷಯ ಹೇಳ್ಬೇಕು. 2017ರಲ್ಲಿ ಅಮ್ಮ ಕೊಪ್ಪದಿಂದ ಇಲ್ಲಿಗೆ ಬಂದಿದ್ಲು, 70ನೇ ಹುಟ್ಟಿದಬ್ಬ ಅಂತ ಅಲ್ಲಿಗೇ ಕರ್ಕೊಂಡ್ ಹೋದ್ವಿ. ಮೆನುನಲ್ಲಿ ವೆಜ್ ಊಟಕ್ಕೆ ಯೆತ್ಸೋಮ್ ಅಂತ ಹಾಕಿರ್ತಾರೆ, ಉಪವಾಸದ್ದು ಅಂತ, ಅಲ್ಲಿನ ಆರ್ಥಡಾಕ್ಸ್ ಕ್ರಿಶ್ಚಿಯನ್ನರು ಬುಧವಾರ ಶುಕ್ರವಾರ ಮಾಂಸ ಮೊಟ್ಟೆ ಹಾಲು ತುಪ್ಪ ಯಾವ್ದೂ ಮುಟ್ಟಲ್ಲ. ಅಮ್ಮನ ಕಿವಿಗೆ ಬಿದ್ದಿದ್ದು ಬರೀ ಸೋಮ. "ಓ, ಇವ್ರೂ ಸೋಮವಾರ ಒಪ್ಪತ್ತು ಮಾಡ್ತಾರೇನೇ!" ಬುಧವಾರ ಶುಕ್ರವಾರ ಕಣಮ್ಮ ಅಂದ್ರೆ "ಹೆಸರಲ್ಲೇ ಇದ್ಯಲ್ಲ" ಅಂತ ವಾದ.

ಆ ಖುಷಿ ಎಲ್ಲಾ ತಟ್ಟೆ ಬರೋವರೆಗೆ. ಮೊರದಷ್ಟಗಲ ಒಂದೇ ತಟ್ಟೆ, ಅದರ ತುಂಬಾ ಒಂದು ಇಂಜೆರಾ, ಮೇಲೆ ಮಸೂರ ಬೇಳೆಯ ಮಿಸಿರ್, ಕಾಳಿನ ಹಿಟ್ಟಿನ ಗೊಜ್ಜಿನಂಥ ಶಿರೋ, ಬಟಾಣಿ ಬೇಳೆಯ ಕಿಕ್, ಗೊಮೆನ್ ಗುಪ್ಪೆ ಗುಪ್ಪೆ. ಅಮ್ಮ ಸ್ವಲ್ಪ ಹೊತ್ತು ಕಾದು "ನಮ್ ತಟ್ಟೆ ಎಲ್ಲೇ?" ಅಂದ್ಲು. ಇದೇ ಅಂದೆ. "ಅಳಿಯಂದ್ರ ಜೊತೆ ಒಂದೇ ತಟ್ಟೇಲಾ? ಎಂಜಲು ಮುಸುರೆ ಏನೂ ಇಲ್ವೇನೇ ನಿಮ್ಗೆ?"

ಆಮೇಲೆ ಗೊಮೆನ್ ಇದ್ಯಲ್ಲ, ಸೊಪ್ಪಿನ ಪಲ್ಯ, ಅದನ್ನ ಇಂಜೆರಾ ಚೂರಲ್ಲಿ ಎಳೆದೂ ಎಳೆದೂ ತೋಟದ ಬೇಲಿ ತರ ತಟ್ಟೆಗೆ ಅಡ್ಡ ಒಂದು ಗೆರೆ ಮಾಡಿದ್ಲು. "ಸೊಪ್ಪಿಂದ ಆಚೆ ನಿಮ್ದು." ಇವ್ರು ಪಾಪ ಗಡಿ ದಾಟ್ಲಿಲ್ಲ, ಆದ್ರೆ ಶಿರೋ ಪೂರ್ತಿ ಅಮ್ಮನ ಪಾಲಿಗೆ ಹೋಗಿತ್ತು, ಶಿರೋ ಅಂದ್ರೆ ಇವ್ರಿಗೆ ಪ್ರಾಣ. ಅಳಿಯ ಶಿರೋ ನೋಡೋದು, ಅತ್ತೆ ಅಳಿಯನ್ನ ನೋಡೋದು. ಕೊನೆಗೆ ಅಮ್ಮಾನೇ ಒಂದು ಚಮಚ ತರ್ಸಿ, ಬೇಲಿ ಮೇಲಿಂದ, ಒಂದು ಗೇಣು ಎತ್ತರದಿಂದ, ಚಮಚ ಎಲ್ಲೂ ತಾಗದ ಹಾಗೆ ಬಡಿಸಿದ್ಲು. ಅರ್ಧ ಮೇಜಿನ ಮೇಲೆ ಬಿತ್ತು.

ಇಷ್ಟು ಮಡಿ ಮಾಡಿದೋಳು ಮುಂದೇನ್ ಮಾಡಿದ್ಲು ಗೊತ್ತಾ? ಹುಟ್ಟಿದಬ್ಬ ಅಂತ ಗೊತ್ತಾಗಿ ಹೋಟ್ಲು ನಡೆಸೋ ಆಂಟಿ ಬಂದ್ರು, ಇಂಜೆರಾದಲ್ಲಿ ಒಂದು ದೊಡ್ಡ ತುತ್ತು ಸುತ್ತಿ ಸೀದಾ ಅಮ್ಮನ ಬಾಯಿ ಹತ್ರ ಹಿಡಿದ್ರು. ಗುರ್ಶಾ ಅಂತಾರೆ, ಪ್ರೀತಿಗೆ ಕೊಡೋ ತುತ್ತು. ಅಮ್ಮ ಬಾಯಿ ತೆಗೆದೇಬಿಟ್ಲು! ಹೆತ್ತ ಮಗಳು ತಟ್ಟೆಗೆ ಕೈ ಹಾಕಿದ್ರೆ ಎಂಜಲು, ಅವ್ರು ಬಾಯಿಗೇ ಕೈ ಹಾಕಿದ್ರೆ "ಎಷ್ಟು ಒಳ್ಳೇ ಹೆಂಗಸು." ಇದು ನಂಗೆ ಇವತ್ತಿಗೂ ಜೀರ್ಣ ಆಗಿಲ್ಲ.

ಆಮೇಲೆ ಕಾಫಿ. ಎದುರಿಗೇ ಬೀಜ ಹುರಿದು ಹೊಗೆ ಮೂಗಿನ ಹತ್ರ ತಂದು ತೋರ್ಸಿ, ಜೆಬೆನಾ ಅನ್ನೋ ಮಣ್ಣಿನ ಕೂಜದಿಂದ ಬಗ್ಗಿಸಿದ್ರು, ಜೊತೆಗೆ ಪಾಪ್‌ಕಾರ್ನು. ಬಾಬಾ ಬುಡನ್ ತಂದ್ರು ಅನ್ನೋ ಏಳು ಬೀಜ ಯೆಮನ್‌ದು, ಯೆಮನ್‌ಗೆ ಅದು ಬಂದಿದ್ದು ಇವ್ರ ದೇಶದಿಂದ, ನಿನ್ನ ತೋಟದ್ದೂ ಇದೇ ವಂಶ ಅಂತ ನಾನು ಉಪನ್ಯಾಸ ಕೊಟ್ಟೆ. ಅಮ್ಮ ಒಂದು ಗುಟುಕು ಕುಡಿದು ಕೇಳಿದ್ದು ಒಂದೇ, "ಹಾಲಿಲ್ವಾ?"

ಅಲ್ಲಿಗೇ ಯಾಕೆ ಹೋಗ್ತೀವಿ ಅನ್ನೋದು ಹಾಗೇ ಉಳೀತು, ಇನ್ನೊಂದಿನ ನೋಡೋಣ. ಫೋರ್ಕಿನ ಕಥೆ ಎಲ್ಲಿಗೆ ಬಂದಿತ್ತು? ಹಾಂ, ನನ್ನ ಫೋರ್ಕು ವಾಪಸ್ ಕಳ್ಸಿದೆ. ಇವ್ರು ಬಿಡ್ಲಿಲ್ಲ, ನೀಟಾಗಿ ಫೋರ್ಕಲ್ಲೇ ತಮ್ಮ ಶಿರೋ ಮುಗಿಸಿ ಮೆಲ್ಲಗೆ ನನ್ನ ತಟ್ಟೆ ಕಡೆ ಬಂದ್ರು. ನಾನು ಸೊಪ್ಪು ಅಡ್ಡ ಎಳೆದೆ.