ಇಟ್ಟಿಗೆ ಕಾಗದದ ಹಿಂದೆ ಇಟ್ಟಿಗೆ

ದಸರೆಗೆ ಇನ್ನು 20 ದಿನ ಇರುವಾಗ ಅಮ್ಮ ನಡುಮನೆಯ ಗೋಡೆ ನೋಡಿ, "ಪಟ್ಟದ ಗೊಂಬೆನ ಈ ಇಟ್ಟಿಗೆ ಗೂಡಿನ ಮುಂದೆ ಕೂರಿಸಬೇಕೇನೋ?" ಎಂದರು. ಮೈಸೂರಿನ ಮನೆ. ಗೊಂಬೆ ವಿಷಯದಲ್ಲಿ ಅಮ್ಮನ ಮಾತಿಗೆ ಅಪೀಲಿಲ್ಲ.

ಆ ಇಟ್ಟಿಗೆ ನನ್ನದೇ ಘನಕಾರ್ಯ. ಗೋಡೆಯ ಆಚೆ ಬಚ್ಚಲು. 4 ವರ್ಷದ ಹಿಂದೆ ಪೈಪು ಸೋರಿ ಗೋಡೆಯಲ್ಲಿ ಒದ್ದೆ ಕಲೆ ಎದ್ದಿತ್ತು. ಪೈಪು ರಿಪೇರಿಯಾಯಿತು, ಕಲೆ ಹೋಗಲಿಲ್ಲ. ಬಣ್ಣ ಹೊಡೆಸುವುದಕ್ಕಿಂತ ಅಗ್ಗ ಅಲ್ವಾ ಅಂತ ಇಟ್ಟಿಗೆ ಚಿತ್ರದ ವಾಲ್‌ಪೇಪರ್ ತರಿಸಿ ಅಂಟಿಸಿಬಿಟ್ಟೆ.

ಈಗ ಕೀಳಬೇಕು. ಬಿಸಿನೀರಿಗೆ ಸೋಪು ಬೆರೆಸಿ ಹಚ್ಚಿದರೆ ಸಾಕು ಎಂದು ಯಾವುದೋ ವಿಡಿಯೊದಲ್ಲಿ ನೋಡಿದ್ದೆ. ಹಚ್ಚಿದೆ. ನೀರೆಲ್ಲ ಇಳಿದು ಸೋಫಾ ಕೆಳಗೆ ಹೋಯಿತು.

"ಅದು ಪ್ಲಾಸ್ಟಿಕ್ಕು ರೀ, ನೀರು ಕುಡಿಯಲ್ಲ" ಎಂದು ಹೆಂಡತಿ ಹೇರ್ ಡ್ರೈಯರ್ ತಂದುಕೊಟ್ಟಳು.

ಬಿಸಿ ತಾಗಿದ್ದೇ ಅಂಟು ಮೆತ್ತಗಾಯಿತು. ಮೊದಲ ಒಂದಡಿ ಹದವಾದ ದೋಸೆಯ ಹಾಗೆ ಎದ್ದು ಬಂತು. ಆಮೇಲೆ ಕಾವಲಿ ಕೈಕೊಟ್ಟಿತು. ಕಾಗದದ ಬೆನ್ನಿಗೆ ಬಣ್ಣ, ಬಣ್ಣದ ಬೆನ್ನಿಗೆ ಪುಟ್ಟಿ, ಪುಟ್ಟಿಯ ಬೆನ್ನಿಗೆ ಗಾರೆ! ತೇವಕ್ಕೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಪ್ಲಾಸ್ಟಿಕ್ಕಿನ ಹಿಂದೆ ಕೂತು ಗೋಡೆಯನ್ನು ಚಿರೋಟಿ ಮಾಡಿತ್ತು. ಬೆರಳಿಟ್ಟರೆ ಪದರ ಪದರ ಪುಡಿ. ಮೇಲೆ ಸಕ್ಕರೆ ಉದುರಿಸಿದ ಹಾಗೆ ಬಿಳೀ ಉಪ್ಪು ಬೇರೆ. ಇನ್ನೊಂದು ಸಲ ಎಳೆದೆ. ತಟ್ಟೆಯಗಲದ ಗಾರೆ ದೊಪ್ಪನೆ ಬಿತ್ತು. ಒಳಗೆ ಕಂಡದ್ದು ಇಟ್ಟಿಗೆ. ಈ ಸಲ ಅಸಲಿ.

"ಕಾಗದದ್ದೇ ನೀಟಾಗಿತ್ತು ಕಣೋ" ಎಂದರು ಅಮ್ಮ.

ಹಾರ್ಡ್‌ವೇರ್ ಅಂಗಡಿಯಲ್ಲಿ ಉಪ್ಪು ಕಾಗದ ಕೇಳಿದೆ. "ಎಷ್ಟು ನಂಬರ್ ಸಾರ್?" ಎಂದ. ಕಾಗದಕ್ಕೂ ನಂಬರ್ ಇರುತ್ತೆ ಅಂತ ಯಾರಿಗೆ ಗೊತ್ತು? "ಮೀಡಿಯಂ" ಎಂದೆ, ಕಾಫಿ ಹೇಳುವವನ ಹಾಗೆ. ಅವನು ಪಾಪ 120 ಒಂದು, 220 ಒಂದು ಕೊಟ್ಟ. ಜೊತೆಗೆ 5 ಕೆ.ಜಿ. ಪುಟ್ಟಿ.

ಐದೂ ಕೆ.ಜಿ.ಯನ್ನು ಒಟ್ಟಿಗೇ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿದೆ. ಬೇಕಾದಷ್ಟೇ ಕಲಸಿಕೊಳ್ಳಬೇಕು, ಇಲ್ಲದಿದ್ದರೆ ಗಟ್ಟಿಯಾಗುತ್ತೆ ಎಂದು ಚೀಲದ ಮೇಲೆ ಬರೆದಿತ್ತು. ಓದಿದ್ದು ಆಮೇಲೆ. ಗುಂಡಿ ಮುಚ್ಚಿ, ಊಟ ಮಾಡಿ, ಸಣ್ಣ ನಿದ್ದೆ ತೆಗೆದು ಬರುವಷ್ಟರಲ್ಲಿ ಬಕೆಟ್ಟಿನಲ್ಲಿ ಕೋಲು ಧ್ವಜಸ್ತಂಭದ ಹಾಗೆ ನಿಂತಿತ್ತು. ಅದು ಸ್ನಾನದ ಬಕೆಟ್ಟು.

ಮಾರನೇ ದಿನ ಉಪ್ಪು ಕಾಗದ ಹಿಡಿದು ಉಜ್ಜಿದೆ. ಗೋಡೆ ನಯವಾಯಿತೋ ಇಲ್ಲವೋ, ಸಾರಿನ ಪಾತ್ರೆಯಿಂದ ದೇವರ ಕೋಣೆವರೆಗೆ ಎಲ್ಲಕ್ಕೂ ವಿಭೂತಿ ಧಾರಣೆಯಾಯಿತು.

ಕೊನೆಗೆ ಪೇಂಟಿಂಗ್ ಮೇಸ್ತ್ರಿ ಬಂದ. ಗೋಡೆ ತಟ್ಟಿದ. ಡಬ ಡಬ ಎಂದಿತು.

"ಒಂದಿಂಚು ಗುಂಡಿಗೆ ಬರೀ ಪುಟ್ಟೀನಾ? ಸಿಮೆಂಟು ಮರಳು ಹಾಕ್ಬೇಕಿತ್ತು. ಅದೂ ಹಸೀ ಗೋಡೆ ಮೇಲೆ! ಯಾರ್ ಸಾರ್ ಮಾಡಿದ್ದು?"

"ಮುಂಚೆ ಬಾಡಿಗೆಗೆ ಇದ್ದವರು" ಎಂದೆ. ಅವನು ನನ್ನ ಕಿವಿಯನ್ನೇ ನೋಡುತ್ತಿದ್ದ. ಅಲ್ಲಿ ಇನ್ನೂ ಪುಟ್ಟಿ ಇತ್ತಂತೆ.

ಎಲ್ಲ ಕೆರೆದು, ಗಾರೆ ಹಾಕಿ, ಚೆನ್ನಾಗಿ ಒಣಗಬೇಕು, ಬಣ್ಣ ಏನಿದ್ದರೂ ದಸರೆ ಕಳೆದ ಮೇಲೆ ಎಂದು ಹೇಳಿ ಹೋದ.

ಅಮ್ಮ ಸ್ವಲ್ಪ ಹೊತ್ತು ಗೋಡೆ ನೋಡುತ್ತ ನಿಂತರು. ಆಮೇಲೆ ಮೆಲ್ಲಗೆ ಕೇಳಿದರು. "ಆ ಇಟ್ಟಿಗೆ ಕಾಗದ ಇನ್ನೊಂದು ಸುರುಳಿ ಮಿಕ್ಕಿತ್ತಲ್ಲ, ಎಲ್ಲಿಟ್ಟಿದ್ದೀಯಾ?"