ಬೆಕ್ಕು ಎಲ್ಲರದ್ದು, ಟ್ರೇ ಯಾರದ್ದು?

ಹೊರನಾಡಿನ ಈ ಮನೆಯಲ್ಲಿ ನಾವು ನಾಲ್ವರು ಬಾಡಿಗೆ ಹಂಚಿಕೊಂಡಿದ್ದೇವೆ. ಕನ್ನಡ ಬರುವವನು ನಾನೊಬ್ಬನೇ. ಈಚೆಗೆ ಕನ್ನಡ ಕೇಳಿಸಿಕೊಳ್ಳುವ ಇನ್ನೊಂದು ಜೀವ ಬಂದು ಸೇರಿದೆ, ಏಳು ವಾರದ ಬೆಕ್ಕಿನ ಮರಿ. ಮನೆಯವರಲ್ಲೊಬ್ಬ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದ. ಕೇಳಿ ತರಲಿಲ್ಲ, ತಂದು ಕೇಳಿದ. ಅಷ್ಟು ಹೊತ್ತಿಗೆ ಅದು ಸೋಫಾದ ಅಡಿ ಸೇರಿಯಾಗಿತ್ತು. ಬೇಡ ಎನ್ನುವ ಧೈರ್ಯ ಯಾರಿಗಿದ್ದೀತು?

ಮೂರನೆಯ ದಿನ ಮರಿಗೆ ಭೇದಿ ಶುರುವಾಯಿತು. ಕಾರಣ ಹುಡುಕುತ್ತಾ ಹೋದರೆ ನಾಲ್ವರೂ ಅಪರಾಧಿಗಳು. ಬೆಳಗಿನ ಪಾಳಿಯವನು ಹೊರಡುವ ಮೊದಲು ಹಾಲಿಟ್ಟಿದ್ದ. ಎಂಟು ಗಂಟೆಗೆ ನಾನು ಇಟ್ಟಿದ್ದೆ. ಮಧ್ಯಾಹ್ನ ಇನ್ನೊಬ್ಬ, ನಡುರಾತ್ರಿ ಎರಡಕ್ಕೆ ರಾತ್ರಿ ಪಾಳಿಯವನು. ಪ್ರತಿಯೊಬ್ಬನೂ ‘ಪಾಪ, ಇದಕ್ಕೆ ಯಾರೂ ಏನೂ ಕೊಟ್ಟಿಲ್ಲ’ ಎಂದುಕೊಂಡಿದ್ದ. ಹಾಗೆ ನಂಬಿಸುವುದರಲ್ಲಿ ಮರಿ ನಿಸ್ಸೀಮ. ಯಾರು ಬಂದರೂ ಕಾಲಿಗೆ ಸುತ್ತಿಕೊಂಡು, ಹುಟ್ಟಿದಾಗಿನಿಂದ ಒಂದು ತುತ್ತು ಕಂಡಿಲ್ಲವೆಂಬಂತೆ ಅರಚುತ್ತದೆ.

ಬೆಕ್ಕೆಂದರೆ ಹಾಲು ಎಂದು ನಾವೆಲ್ಲ ಕಲಿತುಬಿಟ್ಟಿದ್ದೇವೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಗಾದೆಯಲ್ಲೇ ಕೂತಿದೆ. ಆದರೆ ತಾಯಿಯ ಮೊಲೆ ಬಿಡುತ್ತಿದ್ದಂತೆ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಮರಿಯ ಕರುಳಿನಲ್ಲಿ ಕಡಿಮೆಯಾಗುತ್ತಾ ಹೋಗುತ್ತದೆ. ಅರಗದ ಹಾಲು ಭೇದಿಯಾಗಿ ಹೊರಬರುತ್ತದೆ. ಹಾಲು ಕಂಡರೆ ಓಡುತ್ತಿದ್ದ ತೆನಾಲಿ ರಾಮಕೃಷ್ಣನ ಬೆಕ್ಕು ಕಥೆಯಲ್ಲಿ ನಾವು ನಗುವ ಬೆಕ್ಕು. ಈಗ ಅನಿಸುತ್ತದೆ, ಆ ಸಂಸ್ಥಾನದಲ್ಲಿ ಹೊಟ್ಟೆ ನೆಟ್ಟಗಿದ್ದದ್ದು ಅದೊಂದಕ್ಕೇ ಇರಬೇಕು.

ಅಡುಗೆಮನೆಯ ತೂಕದ ಯಂತ್ರದ ಮೇಲೆ ಒಂದು ಬಟ್ಟಲಿಟ್ಟು ಅದರೊಳಗೆ ಮರಿಯನ್ನು ಕೂರಿಸಿದೆ. ಬಂದ ದಿನ 640 ಗ್ರಾಂ ಇದ್ದದ್ದು 610ಕ್ಕೆ ಇಳಿದಿತ್ತು. ಈ ವಯಸ್ಸಿನ ಮರಿ ವಾರಕ್ಕೆ ಸುಮಾರು 100 ಗ್ರಾಂ ಏರಬೇಕು. ಮೂವತ್ತು ಗ್ರಾಂ ಎಂದರೆ ನಮಗೆ ಲೆಕ್ಕಕ್ಕಿಲ್ಲ, ಅದಕ್ಕೆ ಮೈಯ ಇಪ್ಪತ್ತನೆಯ ಒಂದು ಪಾಲು. ರಾತ್ರಿ ಪಾಳಿಯವನು ಮರಿಯನ್ನು ಎತ್ತಿಕೊಂಡು, ‘ಮೈ ಸುಡುತ್ತಿದೆ, ಅರ್ಧ ಪ್ಯಾರಸಿಟಮಾಲ್ ಕೊಡೋಣವೇ?’ ಎಂದ. ಪುಣ್ಯಕ್ಕೆ ಕೊಡುವ ಮೊದಲು ಪಶುವೈದ್ಯರಿಗೆ ಫೋನ್ ಮಾಡಿದೆವು. ಬೆಕ್ಕಿನ ಮೈ ಆರೋಗ್ಯವಿದ್ದಾಗಲೂ 38ರಿಂದ 39 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರುತ್ತದೆ, ನಮ್ಮ ಕೈಗೆ ಅದು ಜ್ವರ. ಇನ್ನು ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅದರ ಯಕೃತ್ತಿಗೆ ಆ ಔಷಧವನ್ನು ಕರಗಿಸಿ ಹೊರಹಾಕುವ ಶಕ್ತಿ ಇಲ್ಲ. ಅರ್ಧ ಮಾತ್ರೆಯೇ ಅದನ್ನು ಕೊಲ್ಲಲು ಸಾಕಿತ್ತು. ಅವನು ಆಮೇಲೆ ಎರಡು ದಿನ ಮರಿಯನ್ನು ಮುಟ್ಟಲಿಲ್ಲ.

ಚಿಕಿತ್ಸೆಯೇನೋ ದೊಡ್ಡದಾಗಿರಲಿಲ್ಲ. ಚರ್ಮದಡಿ ಒಂದಿಷ್ಟು ದ್ರವ, ಜಂತುಹುಳುವಿನ ಔಷಧಿ, ಹಾಲು ಬಂದ್, ಮರಿಗಳಿಗೆಂದೇ ಮಾಡಿದ ಮೆತ್ತನೆಯ ಆಹಾರ ದಿನಕ್ಕೆ ನಾಲ್ಕು ಸಲ. ಸಂಜೆ ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಅವಳಿಗೆ ನಗು. “ಬೆಕ್ಕಿಗೂ ಡಾಕ್ಟರೇನೋ? ಹುಲ್ಲು ತಿಂದು ಅದೇ ಸರಿ ಮಾಡಿಕೊಳ್ಳುತ್ತದೆ.”

ಅವಳ ನಗುವನ್ನು ತಳ್ಳಿಹಾಕಲಾರೆ. ನಾನು ಬೆಳೆದ ಮನೆಯಲ್ಲಿ ಬೆಕ್ಕನ್ನು ಯಾರೂ ಸಾಕಲಿಲ್ಲ, ಬೆಕ್ಕು ಇತ್ತು ಅಷ್ಟೇ. ಮರಿ ಸಾಕುವುದು ತಾಯಿಬೆಕ್ಕಿನ ಕೆಲಸ. ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎನ್ನುವ ಮಾತೇ ಇದೆಯಲ್ಲ. ನೆಕ್ಕಿ ಶುಚಿ ಮಾಡುವುದು, ಬೇಟೆ ಕಲಿಸುವುದು, ಜೋರಾಗಿ ಕಚ್ಚಿದರೆ ಕೆನ್ನೆಗೆ ಬಾರಿಸುವುದು ಎಲ್ಲವೂ ಅದರದೇ. ಬಾಗಿಲು ತೆರೆದಿರುತ್ತಿತ್ತು. ಬೇಕಾದರೆ ಬರುತ್ತಿದ್ದವು, ಬೇಡವಾದರೆ ಹೋಗುತ್ತಿದ್ದವು. ಬೆಕ್ಕಿನ ಮಾನ ಉಳಿಸುವ ಕ್ರಮ ಅದು ಎಂದು ಇವತ್ತಿಗೂ ಅನಿಸುತ್ತದೆ.

ಆದರೆ ಮುಚ್ಚಿಟ್ಟ ಲೆಕ್ಕವೂ ಒಂದಿದೆ. ನಾಲ್ಕು ಮರಿ ಹುಟ್ಟಿದರೆ ಒಂದೋ ಎರಡೋ ದೊಡ್ಡವಾಗುತ್ತಿದ್ದವು. ಉಳಿದವು ‘ಎಲ್ಲೋ ಹೋದವು’. ಮಕ್ಕಳಾಗಿದ್ದಾಗ ನಾನು ಅದನ್ನು ನಂಬಿದ್ದೆ. ಬೆಕ್ಕುಗಳ ಪ್ಯಾನ್‌ಲ್ಯುಕೋಪೀನಿಯಾ ಎಂಬ ಸೋಂಕು ಎಳೆಯ ಮರಿಯನ್ನು ಎರಡು ಮೂರು ದಿನದಲ್ಲಿ ಮುಗಿಸಬಲ್ಲದು ಎಂದು ಈಗ ತಿಳಿದ ಮೇಲೆ, ಅವು ಎಲ್ಲಿಗೂ ಹೋಗಿರಲಿಕ್ಕಿಲ್ಲ ಎನಿಸುತ್ತದೆ. ಆ ವೈರಾಣು ಮನೆಯೊಳಗೆ ವರ್ಷದವರೆಗೂ ಬದುಕಿರಬಲ್ಲದು, ಚಪ್ಪಲಿಗೆ ಅಂಟಿಕೊಂಡೂ ಬರಬಲ್ಲದು. ಹಾಗಾಗಿ ಹೊಸ್ತಿಲು ದಾಟದ ಮರಿಗೂ ಲಸಿಕೆ ಬೇಕು. ಆರರಿಂದ ಎಂಟು ವಾರದೊಳಗೆ ಮೊದಲನೆಯದು, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗಾದರೂ. ರೇಬೀಸ್ ಲಸಿಕೆ 12 ವಾರದ ನಂತರ.

ಹಾಗೆಂದು ನನ್ನ ಜೊತೆಗಾರರ ರೀತಿಯನ್ನೂ ಪೂರ್ತಿ ಒಪ್ಪುವವನಲ್ಲ ನಾನು. ಇವರಿಗೆ ಮರಿಯೆಂದರೆ ಮಗು. ವಾರಕ್ಕೊಮ್ಮೆ ಸ್ನಾನ ಮಾಡಿಸಬೇಕು, ಟೋಪಿ ಹಾಕಬೇಕು, ಬಂದವರ ಕೈಯಿಂದ ಕೈಗೆ ದಾಟಿಸಿ ಫೋಟೊ ತೆಗೆಯಬೇಕು. ದಿನಕ್ಕೆ 18 ಗಂಟೆಗೂ ಹೆಚ್ಚು ನಿದ್ರಿಸುವ ಪ್ರಾಣಿಯನ್ನು ಎಬ್ಬಿಸಿ ಎಬ್ಬಿಸಿ ಮುದ್ದಾಡುವುದು ಪ್ರೀತಿಯೋ, ನಮ್ಮ ಚಟವೋ? ಒಬ್ಬನಂತೂ ಬೆರಳು ಕುಣಿಸಿ ಕಚ್ಚಿಸಿಕೊಳ್ಳುತ್ತಿದ್ದ. ಏಳು ವಾರಕ್ಕೆ ಅದು ಕಚಗುಳಿ, ಏಳು ತಿಂಗಳಿಗೆ ರಕ್ತ. ನಾಲ್ಕು ಜೋಡಿ ಕೈಗಳಲ್ಲಿ ಆಟಿಕೆ ಯಾವುದು ಎಂದು ಮರಿ ಹೇಗೆ ತಿಳಿಯಬೇಕು? ಮೂವರು ಕಲಿಸಿದ್ದನ್ನು ನಾಲ್ಕನೆಯವನು ಒಂದೇ ಸಂಜೆ ಅಳಿಸಿಹಾಕುತ್ತಾನೆ. ಹೆಸರಿನದೂ ಅದೇ ಕಥೆ. ನಾಲ್ಕು ಭಾಷೆಯಲ್ಲಿ ನಾಲ್ಕು ಹೆಸರಿಟ್ಟೆವು, ಯಾವುದಕ್ಕೂ ಕಿವಿ ನಿಗುರಿಸುವುದಿಲ್ಲ. ‘ಬಾ ಬಾ’ ಎಂದರೆ ಬರುತ್ತದೆ. ಭಾಷಾಭಿಮಾನದಿಂದ ಹೇಳುತ್ತಿಲ್ಲ, ಊಟದ ಡಬ್ಬಿ ತೆರೆಯುವಾಗ ನಾನು ಹಾಗೆನ್ನುತ್ತೇನೆ.

ನನ್ನ ತಕರಾರು ಇಷ್ಟೇ. ತೆರೆದ ಬಾಗಿಲಿನ ಮನೆಯಲ್ಲಿ ಬೆಕ್ಕು ಯಾರದ್ದೂ ಆಗಿರದಿದ್ದರೂ ನಡೆಯುತ್ತಿತ್ತು, ತಾಯಿ ಇತ್ತು. ಬಾಗಿಲು ಮುಚ್ಚಿದ ಮನೆಯಲ್ಲಿ ಆ ತಾಯಿಯ ಕೆಲಸ ಒಬ್ಬನ ತಲೆಗೆ ಬರಲೇಬೇಕು. ಎಲ್ಲರದ್ದೂ ಎಂದರೆ ಹಾಲು ಕೊಡಲು ನಾಲ್ವರು, ಮರಿಯ ಮಲಮೂತ್ರದ ಟ್ರೇ ತೊಳೆಯಲು ಯಾರೂ ಇಲ್ಲ. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರಾದರೂ ಸಿಕ್ಕಾರು! ಟ್ರೇಯನ್ನು ದಿನಾ ಶುಚಿ ಮಾಡಬೇಕಾದದ್ದು ವಾಸನೆಗಾಗಿ ಮಾತ್ರವಲ್ಲ. ಹೊಲಸು ಟ್ರೇ ಕಂಡರೆ ಮರಿ ಹಾಸಿಗೆಯ ಮೂಲೆ ಹುಡುಕುತ್ತದೆ. ಅದರ ಮಲದಲ್ಲಿ ಇರಬಹುದಾದ ಟಾಕ್ಸೊಪ್ಲಾಸ್ಮಾ ಪರಾವಲಂಬಿ ಸೋಂಕು ಹರಡುವಷ್ಟು ಬಲಿಯಲು ಒಂದರಿಂದ ಐದು ದಿನ ಬೇಕು. ದಿನಾ ತೆಗೆದರೆ ಅದಕ್ಕೆ ಅವಕಾಶ ಕಡಿಮೆ. ಮನೆಯಲ್ಲಿ ಬಸುರಿ ಇದ್ದರೆ ಆ ಕೆಲಸ ಅವರದಾಗಬಾರದು.

ಕೊನೆಗೆ ನಾನೇ ಒಪ್ಪಿಕೊಂಡೆ. ನಾನು ತಾಯಿ, ಉಳಿದ ಮೂವರು ಸೋದರಮಾವಂದಿರು. ಮುದ್ದು ಮಾಡಬಹುದು, ಕೇಳದೆ ತಿನ್ನಿಸುವಂತಿಲ್ಲ. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಊಟ ಕೊಟ್ಟವರು ಹೊತ್ತು ಬರೆಯಲೆಂದು ದಾರದಲ್ಲಿ ಪೆನ್ಸಿಲ್ ತೂಗುಹಾಕಿದೆ. ಅರ್ಧ ಗಂಟೆಯಲ್ಲಿ ಮರಿ ಆ ದಾರದ ತುದಿಯನ್ನು ಗಂಟಲಿಗೆ ಇಳಿಸುತ್ತಾ ಕೂತಿತ್ತು. ಬೆಕ್ಕಿನ ನಾಲಗೆಯ ಮುಳ್ಳುಗಳು ಹಿಂದಕ್ಕೆ ಬಾಗಿರುವುದರಿಂದ ಒಳಗೆ ಹೋದದ್ದನ್ನು ಉಗಿಯುವುದು ಅದಕ್ಕೆ ಕಷ್ಟ. ಕರುಳಿಗಿಳಿದ ದಾರ ಲಾಡಿ ಎಳೆದಂತೆ ಕರುಳನ್ನೇ ನೆರಿಗೆ ಮಾಡಿಬಿಡುತ್ತದೆ, ಆಮೇಲೆ ಶಸ್ತ್ರಚಿಕಿತ್ಸೆಯೇ ಗತಿ. ನಮ್ಮ ಅದೃಷ್ಟಕ್ಕೆ ಇನ್ನೂ ಬಾಯಲ್ಲೇ ಇತ್ತು. ಜಾಗ್ರತೆಯ ಹಾಳೆಗೆ ಕಟ್ಟಿದ ದಾರ! ಪೆನ್ಸಿಲ್ ಈಗ ಫ್ರಿಜ್ಜಿನ ತಲೆಯ ಮೇಲಿದೆ.

ಹಾಳೆಯ ಕೆಳಗೆ ಎರಡು ಸಾಲು ಬೇರೆ ಬರೆದಿದ್ದೆ. ಒಂದು, ಐದು ತಿಂಗಳೊಳಗೆ ಸಂತಾನಹರಣ ಚಿಕಿತ್ಸೆ. ನಮ್ಮದು ಹೆಣ್ಣು ಮರಿ, ನಾಲ್ಕು ತಿಂಗಳಿಗೇ ಗಬ್ಬವಾಗಬಲ್ಲದು. ಇನ್ನೊಂದು, ಬೆಕ್ಕು ಹದಿನೈದು ವರ್ಷ ಬದುಕಬಹುದು, ನಮ್ಮ ಬಾಡಿಗೆ ಕರಾರು ಅಷ್ಟು ಬಾಳುವುದಿಲ್ಲ. ಮನೆ ಒಡೆದ ದಿನ ಇದು ಯಾರ ಜೊತೆ? ಯಾರೂ ಬಾಯಿ ಬಿಡಲಿಲ್ಲ. ಮುಂದೆ ನನ್ನ ಹೆಸರು ಬರೆದು ಮಲಗಿದೆ.

ಬೆಳಗ್ಗೆ ನೋಡಿದರೆ ನನ್ನ ಹೆಸರಿನ ಮೇಲೆ ಗೀಟು. ಪಕ್ಕದಲ್ಲಿ, ಮರಿಯನ್ನು ಅಂಗಿಯೊಳಗಿಟ್ಟು ತಂದವನ ಹೆಸರು. ಈ ಸಲವೂ ಅವನು ಯಾರನ್ನೂ ಕೇಳಿರಲಿಲ್ಲ.